ಗುಳಿಗಿಗೂ ಒಂದು ತವರಮನಿ ಹೆಸರಿರ್ತದ

ಹೋದ ಸಲ ಗೋಧಿ ಹುಗ್ಗಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ. ಈ ಸಲದ ವಿಷಯ ಅಷ್ಟು ಸಿಹಿ ಇಲ್ಲ. ಆದ್ರ ಇದೂ ಮನಿ ವಿಷಯನ. ಅಡಗಿಮನಿ ಮಾಡದಾಗ, ಅರಿಷಿಣ ಡಬ್ಬಿ ಹಿಂದ, ಯಾರಿಗೂ ಕಾಣದಂಗ ಇಡೂ ಇನ್ನೊಂದು ಡಬ್ಬಿ ಇರ್ತದಲ್ಲ, ಅದರ ವಿಷಯ.

ಮೊನ್ನೆ ನಮ್ಮ ಪೈಕಿ ಒಬ್ರು ಮಧ್ಯಾಹ್ನ ಬಂದಿದ್ರು. ಯಾರು ಅಂತ ಕೇಳಬ್ಯಾಡ್ರಿ. ಚಹಾ ಆತು, ಮಾತಾತು, ಹೊಂಡೂ ಮುಂದ ಸೆರಗಿನ ಮರಿಯಿಂದ ಒಂದು ಗುಳಿಗಿ ಸ್ಟ್ರಿಪ್ ತಗದು ತೋರಿಸಿದ್ರು. "ಈ ತಿಂಗಳ ಅಂಗಡಿಯಂವ ಇದನ್ನ ಕೊಟ್ಟಾನ. ಜನೆರಿಕ್ ಅಂತ. ಜನೆರಿಕ್ ಅಂದ್ರ ಡುಪ್ಲಿಕೇಟ್ ಅಲ್ಲೇನ್ರಿ? ಮಗನಿಗೆ ಎರಡು ದಿವಸದಿಂದ ಕೊಟ್ಟೇ ಇಲ್ಲ ನಾ" ಅಂದ್ರು.

ನನಗ ಎದಿ ಝಲ್ ಅಂತು. ಯಾಕಂದ್ರ ನಮ್ಮ ತವರಮನ್ಯಾಗ ಆ ಎರಡು ದಿವಸ ಆರು ವಾರ ಆಗಿತ್ತು. ಅವರಿಗೆ ಅದನ್ನ ಹೇಳಿದೆ, ಅಲ್ಲೇ ಕೂಡಿಸಿ ಡಾಕ್ಟರಿಗೆ ಫೋನ್ ಹಚ್ಚಿಸಿದೆ. ಅವರು ಹೋದ ಮ್ಯಾಲೆ ಅನಿಸ್ತು, ಇದನ್ನ ಬರದ್ರ ಇನ್ನ ನಾಕು ಮಂದಿಗೆ ಉಪಯೋಗ ಆದೀತು ಅಂತ. ನಮ್ಮ ಅಕ್ಕನ್ನ ಕೇಳಿದೆ. "ಬರಿ, ಹೆಸರು ಮಾತ್ರ ಹಾಕಬ್ಯಾಡ" ಅಂದ್ಲು. ಆಕಿ ಒಪ್ಪಿಗಿ ತಗೊಂಡೇ ಬರೀಲಿಕತ್ತೇನಿ.

ಅಕ್ಕಗ ಎರಡನೇ ಬಾಣಂತನ ಆದ ಮ್ಯಾಲೆ ಮನಸ್ಸಿನ ಕಾಯಿಲೆ ಸುರು ಆತು. ಕೆಲವು ತಿಂಗಳ ಹಾಸಿಗಿ ಬಿಟ್ಟು ಏಳ್ತಿರಲಿಲ್ಲ. ಕೆಲವು ತಿಂಗಳ ನಿದ್ದಿನೇ ಇಲ್ಲ, ರಾತ್ರಿ ಎರಡಕ್ಕ ಎದ್ದು ಅಂಗಳ ತೊಳೀತಿದ್ಲು, ಉದ್ರಿ ಸೀರಿ ತರ್ತಿದ್ಲು, ಮಾತು ನಿಲ್ತಿರಲಿಲ್ಲ. ಆಮ್ಯಾಲೆ ಒಬ್ಬ ಛೊಲೊ ಡಾಕ್ಟರು ಸಿಕ್ರು. ಗುಳಿಗಿ ಸುರು ಆದ ಮ್ಯಾಲೆ ಹನ್ನೆರಡು ವರ್ಷ ಆಕಿ ತನ್ನ ಸಂಸಾರ ತಾನ ಮಾಡಿದ್ಲು. ಮಕ್ಕಳ ಮುಂಜಿವಿ ಮಾಡಿದ್ಲು, ಹಪ್ಪಳ ಸಂಡಿಗಿ ಮಾಡಿ ಮಂದಿಗೆ ಹಂಚಿದ್ಲು.

ಆದ್ರ ಗುಳಿಗಿ ಮಾತ್ರ ಗುಟ್ಟು. ನಮ್ಮ ಕಡೆ ನಿಮಗ ಗೊತ್ತದ, ಯಾರರ ಸ್ವಲ್ಪ ಹೆಚ್ಚುಕಮ್ಮಿ ಮಾತಾಡಿದ್ರ "ಇವರನ್ನ ಧಾರವಾಡಕ್ಕ ಕಳಸಬೇಕು" ಅಂತ ನಗತಾರ. ಧಾರವಾಡದ ಆ ಆಸ್ಪತ್ರಿ 1845ರಿಂದ ಅದ. ಅಷ್ಟು ವರ್ಷದಾಗ ಎಷ್ಟು ಮಂದಿ ಅಲ್ಲಿಂದ ಆರಾಮ ಆಗಿ ಮನಿಗೆ ಬಂದಾರೋ, ಅದನ್ನ ಯಾರೂ ಹೇಳೂದಿಲ್ಲ, ನಗೂದು ಮಾತ್ರ ಬಿಟ್ಟಿಲ್ಲ. ಹಿಂಗಾಗಿ ಭಾವ ತಮ್ಮ ಊರಾಗ ಗುಳಿಗಿ ತಗೋತಿರಲಿಲ್ಲ. ಹುಬ್ಬಳ್ಳಿಯೊಳಗ ನಾನ ತಗೊಂಡು, ಸ್ಟ್ರಿಪ್ಪಿನಿಂದ ಎಲ್ಲಾ ಬಿಡಿಸಿ, ಹೆಸರಿನ ಕಾಗದ ಹರದು ಒಗದು, ಒಂದು ಡಬ್ಬ್ಯಾಗ ತುಂಬಿ ಕಳಸ್ತಿದ್ದೆ. ಅಕ್ಕಗ ತಾನು ತಗೊಳ್ಳೂ ಔಷಧದ ಹೆಸರು ಗೊತ್ತಿರಲಿಲ್ಲ. ಖರೆ ಹೇಳಬೇಕಂದ್ರ ನನಗೂ ಗೊತ್ತಿರಲಿಲ್ಲ. ನಾವು ಅಂತಿದ್ದದ್ದು "ಬಿಳೀ ಗುಂಡನ್ನ ಗುಳಿಗಿ, ರಾತ್ರಿ ಎರಡು".

ಒಂದು ವರ್ಷ ಬಸವ ಜಯಂತಿ ಆದ ಮ್ಯಾಲೆ, ಕಮ್ಮಿ ಬೆಲಿಯ ಔಷಧ ಅಂಗಡಿ ಒಂದು ಆಗೇದ ಅಂತ ಕೇಳಿ ನಾ ಅಲ್ಲಿಗೆ ಹೋದೆ. ಚೀಟಿ ತೋರಿಸಿದೆ, ಕೊಟ್ರು. ಉಳದ ರೊಕ್ಕದಾಗ ಅಕ್ಕಗ ಒಂದು ಖಣ ತಗೊಂಡು ಡಬ್ಬಿ ಜೋಡಿ ಕಳಸಿದೆ. ಗುಳಿಗಿ ಈ ಸಲ ತುಸು ಉದ್ದಗ, ಹಳದಿ ಛಾಯಾ ಇದ್ವು. ಡಾಕ್ಟರಿಗೆ ಹೇಳಲಿಲ್ಲ. ಅಕ್ಕಗೂ ಹೇಳಲಿಲ್ಲ. ಹೇಳಬೇಕು ಅನ್ನೂದೇ ಹೊಳೀಲಿಲ್ಲ.

ಕಾರಹುಣ್ಣಿವಿ ಮುಂದ ಅಕ್ಕ ಮತ್ತ ರಾತ್ರಿ ಅಂಗಳ ತೊಳೀಲಿಕ್ಕೆ ಸುರು ಮಾಡಿದ್ಲು. ಒಂದು ವಾರದಾಗ ಆಸ್ಪತ್ರಿಗೆ ಸೇರಿಸಬೇಕಾತು. ಡಾಕ್ಟರು ಯಾವ ಗುಳಿಗಿ ಅಂತ ಕೇಳಿದ್ರ ನಾವು ಮೂರು ಮಂದಿ ಮಾರಿ ಮಾರಿ ನೋಡಿಕೋತ ನಿಂತ್ವಿ. ರಕ್ತ ತಪಾಸಣಿ ಮಾಡಿದ್ರು. ರಕ್ತದಾಗ ಔಷಧ ಇಲ್ಲವೇ ಇಲ್ಲ ಅನ್ನೂ ಹಂಗಿತ್ತು. "ದಿನಾ ತಗೋತಾರೇನು?" ಅಂದ್ರು. "ಹೂಂ, ದಿನಾ ತಗೋತಾಳ" ಅಂದ್ವಿ. ಭಾವ ನನ್ನ ಕಡೆ ತಿರುಗಿ, "ನಾಕು ರೂಪಾಯಿ ಉಳಸಲಿಕ್ಕೆ ಹೋಗಿ ಸುಣ್ಣದ ಗುಳಿಗಿ ತಂದುಕೊಟ್ಟಿ" ಅಂದ್ರು. ನಾ ಏನೂ ಅನಲಿಲ್ಲ. ಅವರ ಮಾತು ನನಗೂ ಖರೆ ಅನಿಸಿತ್ತು.

ಅಕ್ಕ ಆರಾಮಾಗಿ ಮನಿಗೆ ಬಂದ್ಲು. ಆ ವರ್ಷ ದೀಪಾವಳಿ ಮುಂದ ಮನಿ ಸ್ವಚ್ಛ ಮಾಡಲಿಕ್ಕೆ ನಾ ಹೋಗಿದ್ದೆ. ಆಕಿ ಟ್ರಂಕ್ ತಗದಾಗ ತಳದಾಗ ನಾ ಕೊಟ್ಟ ಖಣ ಇತ್ತು. ಅದರಾಗ ಒಂದು ಗಂಟು. ಬಿಚ್ಚಿದ್ರ ಗುಳಿಗಿ. ಎಂಬತ್ತಕ್ಕಿಂತ ಜಾಸ್ತಿ. ಎಲ್ಲಾ ಹಳದಿ ಛಾಯಾದ್ವು.

ಅಕ್ಕ ಸುಮ್ಮ ನೋಡಿದ್ಲು. ಆಮ್ಯಾಲೆ ಅಂದ್ಲು, "ಬಣ್ಣ ಬ್ಯಾರೆ ಇತ್ತು. ನೀ ಏನೂ ಹೇಳಿರಲಿಲ್ಲ. ನನಗ ಏನರೇ ಹಾಕಲಿಕತ್ತಾರ ಅನಿಸ್ತು."

ಔಷಧದಾಗ ಔಷಧ ಇತ್ತೋ ಇಲ್ಲೋ ಅನ್ನೂ ಪ್ರಶ್ನೀನೇ ಇರಲಿಲ್ಲ. ಆ ಔಷಧ ಆಕಿ ಬಾಯಿಗೇ ಹೋಗಿರಲಿಲ್ಲ.

ಅವತ್ತಿನಿಂದ ನನಗ ಒಂದು ಹಟ ಹುಟ್ಟಿತು. ಒಂದೇ ಔಷಧಕ್ಕ ಇಷ್ಟು ಹೆಸರು, ಇಷ್ಟು ಬಣ್ಣ, ಇಷ್ಟು ಬೆಲಿ ಯಾಕ? ನಮ್ಮ ಅಣ್ಣನ ಮಗಾ ಬಿ.ಫಾರ್ಮ್ ಓದಿದಾಂವ. ಅವನ ಪುಸ್ತಕ ಹಿಡಕೊಂಡು, ಅವನ ಕಡೆ ಕೇಳಿಕೋತ, ಲೈಬ್ರರಿಯಿಂದ ತಂದು ಓದಿಕೋತ ಇಷ್ಟು ತಿಳಕೊಂಡೇನಿ. ಪಿಯುಸಿ ಓದಿದ ನನಗ ತಿಳದದ್ದು ನಿಮಗೂ ತಿಳೀತದ.

ಮೊದಲ ಹೆಸರಿನ ಸಂಗತಿ. ನಮ್ಮ ಕಡೆ ಮದಿವ್ಯಾಗ ಅಕ್ಕಿ ತಾಟಿನ್ಯಾಗ ಉಂಗುರಲೆ ಹೊಸ ಹೆಸರು ಬರೀತಾರಲ್ಲ, ಹಂಗ ಅಂತ ತಿಳೀರಿ. ಹುಟ್ಟಿದ ಹೆಸರು ಒಂದು, ಗಂಡನ ಮನ್ಯಾಗ ಇಟ್ಟ ಹೆಸರು ಇನ್ನೊಂದು. ಹೆಸರು ಬದಲಾತು ಅಂತ ಹುಡುಗಿ ಬದಲಾಗೂದಿಲ್ಲ. ಔಷಧಕ್ಕೂ ಹುಟ್ಟಿದ ಹೆಸರು ಒಂದು ಇರ್ತದ. ಅದೇ ಜನೆರಿಕ್ ಹೆಸರು. ಜಗತ್ತಿನಾಗ ಎಲ್ಲಾ ಕಡೆ ಒಂದೇ ಹೆಸರು ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1950ರಾಗ ಠರಾವು ಮಾಡಿ, 1953ರಾಗ ಅಂಥ ಹೆಸರುಗಳ ಮೊದಲ ಯಾದಿ ತಗೀತು. ಇನ್ನ ಒಂದೊಂದು ಕಂಪನಿ ತನ್ನ ಪಾಕೀಟಿನ ಮ್ಯಾಲೆ ಹಾಕ್ಕೊಳ್ಳೂ ಹೆಸರು ಬ್ರಾಂಡ್ ಹೆಸರು. ಒಂದು ಔಷಧ ಇಪ್ಪತ್ತು ಕಂಪನಿ ಮನಿಗೆ ಹೋದ್ರ ಇಪ್ಪತ್ತು ಹೆಸರು. ತವರಮನಿ ಹೆಸರು ಮಾತ್ರ ಒಂದೇ.

ಮನಸ್ಸಿನ ಕಾಯಿಲೆ ಔಷಧದ ಕತಿಯೊಳಗ ನಮ್ಮ ದೇಶದ್ದೂ ಒಂದು ಬೇರು ಅದ, ಸರ್ಪಗಂಧಿ. ನಮ್ಮ ವೈದ್ಯರು ಇದನ್ನ ತಲಿ ಕೆಟ್ಟವರಿಗೆ ಕೊಡ್ತಿದ್ರು. 1931ರಾಗ ಕಲ್ಕತ್ತಾದ ಗಣನಾಥ ಸೇನ ಮತ್ತ ಕಾರ್ತಿಕಚಂದ್ರ ಬೋಸ ಅನ್ನೂ ಇಬ್ಬರು ಇದು ಮನೋರೋಗಕ್ಕೂ ರಕ್ತದೊತ್ತಡಕ್ಕೂ ಆಗ್ತದ ಅಂತ ಬರದ್ರು. 1952ರಾಗ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ಅನ್ನೂ ಸತ್ವ ತಗದು ಸರ್ಪಾಸಿಲ್ ಅಂತ ಹೆಸರಿಟ್ಟು ಮಾರಿದ್ರು. ನಮ್ಮ ಹಿತ್ತಲ ಬೇರು ಹೊರದೇಶಕ್ಕ ಹೋಗಿ ಹೊಸ ಹೆಸರು ಹಚಗೊಂಡು ಬಂತು ನೋಡ್ರಿ.

ಅದೇ ಹೊತ್ತಿಗೆ ಫ್ರಾನ್ಸಿನಾಗ ರೋನ್-ಪುಲಾಂಕ್ ಕಂಪನಿ ಕ್ಲೋರ್‌ಪ್ರೊಮಝಿನ್ ಅನ್ನೂ ಔಷಧ ತಯಾರ ಮಾಡಿತ್ತು. 1952ರಾಗ ಪ್ಯಾರಿಸ್ಸಿನ ಸೇಂತ್-ಆನ್ ಆಸ್ಪತ್ರಿಯೊಳಗ ದೆಲೇ ಮತ್ತ ದೆನಿಕೆ ಅನ್ನೂ ಡಾಕ್ಟರು ಅದನ್ನ ಮನೋರೋಗಿಗಳಿಗೆ ಕೊಟ್ಟು ನೋಡಿದ್ರು. ಬಡಬಡಿಸಿಕೋತ ಕೂಡೂ ಮಂದಿ ಶಾಂತ ಆದ್ರು, ಮಾತಿಗೆ ಸಿಕ್ರು. ಆ ಔಷಧಕ್ಕ ಯುರೋಪಿನಾಗ ಲಾರ್ಗಾಕ್ಟಿಲ್ ಅಂತ ಹೆಸರು. 1954ರಾಗ ಅಮೇರಿಕಾಕ್ಕ ಹೋದಾಗ ಥೋರಾಝಿನ್ ಅಂತ ಹೆಸರು. ಒಂದೇ ಔಷಧ, ಸಮುದ್ರ ದಾಟಿದ ಕೂಡ್ಲೇ ಇನ್ನೊಂದು ಹೆಸರು. ಈ ಕ್ಲೋರ್‌ಪ್ರೊಮಝಿನ್ ಹೆಸರು ನೆಪ್ಪ ಇಟಗೋರಿ, ಮುಂದ ಮತ್ತ ಬರ್ತದ.

ಇನ್ನ ನಮ್ಮ ಅಕ್ಕನ ಗುಳಿಗಿ. ಅದರ ಹುಟ್ಟಿದ ಹೆಸರು ಲಿಥಿಯಂ ಕಾರ್ಬೋನೇಟ್. ಇದು ಯಾವ ಕಂಪನಿಯ ಪ್ರಯೋಗಶಾಲೆಯೊಳಗೂ ಹುಟ್ಟಿದ್ದಲ್ಲ. ಲಿಥಿಯಂ ಅನ್ನೂದು ನೆಲದಾಗ ಸಿಗೂ ಒಂದು ಧಾತು, ಅದರ ಉಪ್ಪೇ ಈ ಔಷಧ. 1817ರಾಗ ಸ್ವೀಡನ್ನಿನಾಗ ಕಲ್ಲಿನೊಳಗ ಅದನ್ನ ಕಂಡುಹಿಡದ್ರು. ಗ್ರೀಕ್ ಭಾಷಾದಾಗ ಲಿಥೋಸ್ ಅಂದ್ರ ಕಲ್ಲು, ಅದರಿಂದ ಆ ಹೆಸರು. ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೂ ಡಾಕ್ಟರು, ರೋಗಿಗಳ ಮೂತ್ರದ ಬಾಟ್ಲಿ ತಮ್ಮ ಮನಿ ಫ್ರಿಜ್ಜಿನ್ಯಾಗ ಇಟಗೊಂಡು ಪ್ರಯೋಗ ಮಾಡ್ತಿದ್ರಂತ. ಅವರ ಹೆಂಡ್ತಿ ಏನಂದಿರಬೇಕು, ನೀವ ವಿಚಾರ ಮಾಡ್ರಿ. ಅವರು ಅತಿಯಾದ ಉನ್ಮಾದ ಇದ್ದ ಹತ್ತು ರೋಗಿಗಳಿಗೆ ಲಿಥಿಯಂ ಕೊಟ್ಟು, ಕಂಡದ್ದನ್ನ 1949ರಾಗ ಬರದ್ರು.

ನೆಲದಾಗ ಸಿಗೂ ಉಪ್ಪಿನ ಮ್ಯಾಲೆ ಯಾರು ಪೇಟೆಂಟ್ ತಗೊಳ್ಳಿಕ್ಕೆ ಬರ್ತದ? ಪೇಟೆಂಟ್ ಅಂದ್ರ "ಇದನ್ನ ಇಷ್ಟು ವರ್ಷ ನಾ ಬಿಟ್ಟು ಬ್ಯಾರೆ ಯಾರೂ ಮಾಡೂ ಹಂಗಿಲ್ಲ" ಅನ್ನೂ ಹಕ್ಕು. ಅದು ಸಿಗದಿದ್ರ ಕಂಪನಿಗೆ ದೊಡ್ಡ ಲಾಭಿಲ್ಲ. ಹಿಂಗಾಗಿ ಲಿಥಿಯಂ ಬಗ್ಗೆ ಕಂಪನಿಗಳು ಹೆಚ್ಚು ಆಸಕ್ತಿ ತೋರಿಸಲಿಲ್ಲ. ಇನ್ನೊಂದು ಕಾರಣ, ಅದು ಹೆಚ್ಚಾದ್ರ ವಿಷ. ಕೇಡ್ ಅವರ ಮೊದಲ ರೋಗಿ ಸುಧಾರಿಸಿ ಮನಿಗೆ ಹೋಗಿದ್ದ, ಆದ್ರ 1950ರಾಗ ಲಿಥಿಯಂ ನಂಜಿನಿಂದನ ತೀರಿಕೊಂಡ. ರಕ್ತದಾಗ ಎಷ್ಟದ ಅಂತ ಅಳೀಲಿಕ್ಕೆ ಬಂದ ಮ್ಯಾಲೆ ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ ಅಂಥವರು ಅದನ್ನ ನೆಟ್ಟಗ ಬಳಸೂದು ತೋರಿಸಿಕೊಟ್ರು. ಅಮೇರಿಕಾ ಅದಕ್ಕ ಒಪ್ಪಿಗಿ ಕೊಟ್ಟದ್ದು 1970ರಾಗ.

ಇದನ್ನ ಓದಿದಾಗ ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಕಂಪನಿ ಗುಳಿಗಿ" ಅಂತ ಭಾವ ಯಾವುದನ್ನ ಅಷ್ಟು ನಂಬಿದ್ರೋ, ಅದೂ ಜನೆರಿಕ್ಕೇ ಆಗಿತ್ತು. ಲಿಥಿಯಮ್ಮಿಗೆ ಮೂಲ ಮಾಲಕರು ಅಂತ ಯಾರೂ ಇಲ್ಲ. ಬಿಳೀ ಗುಂಡನ್ನದೂ ಜನೆರಿಕ್, ಹಳದಿ ಉದ್ದನ್ನದೂ ಜನೆರಿಕ್. ಒಂದಕ್ಕ ಅಂದದ ಹೆಸರು ಇಟ್ಟಿದ್ರು, ಇನ್ನೊಂದಕ್ಕ ಇಟ್ಟಿರಲಿಲ್ಲ, ಇಷ್ಟ ಫರಕು.

ನಮ್ಮ ದೇಶದಾಗ ಹಿಂಗ್ಯಾಕ ಆತು ಅನ್ನೂದಕ್ಕ ಒಂದು ಕಾಯಿದೆ ಕಾರಣ. ಬ್ರಿಟಿಷರು 1911ರಾಗ ಮಾಡಿದ ಪೇಟೆಂಟ್ ಕಾಯಿದೆ ಸ್ವಾತಂತ್ರ್ಯ ಬಂದ ಮ್ಯಾಲೂ ನಡದಿತ್ತು. ಔಷಧ ಹೆಚ್ಚಾಗಿ ಹೊರಗಿನ ಕಂಪನಿಗಳದು, ಬೆಲಿ ಮುಗಿಲ ಮುಟ್ಟಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು ಇದನ್ನೆಲ್ಲಾ ಕೂಲಂಕಷ ನೋಡಿ 1959ರಾಗ ವರದಿ ಕೊಟ್ರು. ಅದರ ಆಧಾರದ ಮ್ಯಾಲೆ 1970ರಾಗ ಹೊಸ ಕಾಯಿದೆ ಆತು, 1972ರಿಂದ ಜಾರಿಗೆ ಬಂತು. ಅದರ ತಿರುಳು ಏನಂದ್ರ, ಔಷಧದ ಮ್ಯಾಲೆ ಪೇಟೆಂಟ್ ಇಲ್ಲ, ಅದನ್ನ ಮಾಡೂ ವಿಧಾನದ ಮ್ಯಾಲೆ ಮಾತ್ರ, ಅದೂ ಹೆಚ್ಚಂದ್ರ 7 ವರ್ಷ. ಹೋಳಿಗಿ ನಿಮ್ಮೊಬ್ಬರದೇ ಅನ್ನೂ ಹಂಗಿಲ್ಲ, ನೀವು ಮಾಡೂ ರೀತಿ ಅಷ್ಟ ನಿಮ್ಮದು, ಇನ್ನೊಬ್ಬರು ಬ್ಯಾರೆ ರೀತಿಯಿಂದ ಹೋಳಿಗಿ ಮಾಡಿದ್ರ ಮಾಡ್ಲಿ, ಅಂದಂಗ.

ಆಮ್ಯಾಲೆ ನಮ್ಮವರು ಕೈ ಕಟಗೊಂಡು ಕೂಡಲಿಲ್ಲ. 1983ರಾಗ ಗುಜರಾತಿನ ವಾಪಿಯೊಳಗ ಸನ್ ಫಾರ್ಮಾ ಸುರು ಆದಾಗ ಅವರ ಕಡೆ ಇದ್ದದ್ದು ಬರೇ 5 ಔಷಧ, ಐದೂ ಮನಸ್ಸಿನ ಕಾಯಿಲೆದು. ಅಮೇರಿಕಾದಾಗ ಪ್ರೊಝಾಕ್ ಅಂತ ಹೆಸರಾದ ಫ್ಲುಆಕ್ಸೆಟಿನ್ ಗುಳಿಗಿಗೆ 1987ರಾಗ ಒಪ್ಪಿಗಿ ಸಿಕ್ತು. ಅಲ್ಲಿ ಅಗ್ಗದ ಜನೆರಿಕ್ ಬರಲಿಕ್ಕೆ 2001ರ ತನಕಾ ಕಾಯಬೇಕಾತು. ನಮ್ಮಲ್ಲಿ 1990ರ ದಶಕದಾಗನ ಬ್ಯಾರೆ ಬ್ಯಾರೆ ಹೆಸರಲೆ ಸಿಗ್ತಿತ್ತು. ನಮ್ಮ ಎಷ್ಟೋ ಮನಿಗಳ ಆ ಗುಟ್ಟಿನ ಡಬ್ಬಿ ತುಂಬಿದ್ದು ಈ ಕಾಯಿದೆದಿಂದ. 2005ರಿಂದ ಕಾಯಿದೆ ಮತ್ತ ಬದಲಾಗಿ ಹೊಸ ಔಷಧಕ್ಕ ಪೇಟೆಂಟ್ ಬಂದದ, ಹಳೇ ಔಷಧಗಳು ಹಂಗ ಉಳದಾವ.

ಆದ್ರ ಒಂದು ತೊಡಕಾತು. ಎಲ್ಲಾ ಕಂಪನಿ ಒಂದೇ ಔಷಧಕ್ಕ ತಮ್ಮ ತಮ್ಮ ಹೆಸರು ಇಟ್ವು. ಮಂದಿಗೆ ಹೆಸರು ನೆಪ್ಪ ಉಳೀತು, ಔಷಧ ಮರತುಹೋತು. 1975ರಾಗ ಜಯಸುಖಲಾಲ್ ಹಾಥಿ ಅವರ ಸಮಿತಿ, ಹಂತ ಹಂತವಾಗಿ ಬ್ರಾಂಡ್ ಹೆಸರು ತಗದು ಹುಟ್ಟಿದ ಹೆಸರಿಲೇ ಔಷಧ ಮಾರ್ಲಿ ಅಂತ ಹೇಳಿತು. 1981ರಾಗ ಸರ್ಕಾರ 5 ಔಷಧಕ್ಕ ಇನ್ನ ಬ್ರಾಂಡ್ ಹೆಸರು ಬ್ಯಾಡ ಅಂತ ಆದೇಶ ಮಾಡಿತು. ಅನಾಲ್ಜಿನ್, ಆಸ್ಪಿರಿನ್, ಕಬ್ಬಿಣಾಂಶದ ಫೆರಸ್ ಸಲ್ಫೇಟ್, ಜಂತಿನ ಔಷಧ ಪೈಪರಝಿನ್, ಐದನೇದು ನಮ್ಮ ಕ್ಲೋರ್‌ಪ್ರೊಮಝಿನ್. ಇಡೀ ದೇಶದಾಗ ಆರಿಸಿದ ಐದರಾಗ ಒಂದು ಮನೋರೋಗದ್ದು! ಕಂಪನಿಗಳು ಕೋರ್ಟಿಗೆ ಹೋದ್ವು, ಆದೇಶ ಅಲ್ಲಿಗೇ ನಿಂತ್ತು. 2023ರ ಆಗಸ್ಟಿನಾಗ ರಾಷ್ಟ್ರೀಯ ವೈದ್ಯಕೀಯ ಆಯೋಗ, ಡಾಕ್ಟರು ಜನೆರಿಕ್ ಹೆಸರೇ ಬರೀಬೇಕು ಅಂತ ನಿಯಮ ತಂತು. ಅದೇ ತಿಂಗಳ ಅದನ್ನ ತಡೆಹಿಡೀತು. ನಲವತ್ತು ವರ್ಷದಿಂದ ಈ ಹೆಸರಿನ ಜಗ್ಗಾಟ ನಡದದ.

ಇಷ್ಟು ಓದಿ, "ಹಂಗಾರ ಎಲ್ಲಾ ಒಂದೇ, ಯಾವುದರ ತಗೊಂಡ್ರಾತು" ಅನಬ್ಯಾಡ್ರಿ. ಇನ್ನೊಂದು ಮಗ್ಗಲನೂ ಅದ.

ಎರಡು ಕಂಪನಿ ಗುಳಿಗಿ ಸರಿಸಮ ಅಂತ ಹೆಂಗ ನೋಡ್ತಾರಂದ್ರ, ಆರೋಗ್ಯವಂತ ಮಂದಿಗೆ ಒಮ್ಮೆ ಇದು, ಒಮ್ಮೆ ಅದು ಕೊಟ್ಟು, ತಾಸು ತಾಸಿಗೆ ರಕ್ತ ತಗದು, ಔಷಧ ಎಷ್ಟು ಏರಿತು, ಒಟ್ಟು ಎಷ್ಟು ಸೇರಿತು ಅಂತ ಅಳೀತಾರ. ಮೂಲದ್ದನ್ನ 100 ಅಂತ ಇಟಗೊಂಡ್ರ, ಹೊಸಾದರ ಲೆಕ್ಕ ಏರಿಳಿತ ಸೇರಿಸಿ 80ರಿಂದ 125ರ ನಡುವ ಇರಬೇಕು. ಇದನ್ನ ಕೇಳಿದ ಕೂಡ್ಲೇ "ಅಂದ್ರ ಇಪ್ಪತ್ತು ಪರ್ಸೆಂಟ್ ಕಮ್ಮಿ ಔಷಧ ಹಾಕ್ತಾರ" ಅಂತ ಹೆದರ್ತಾರ. ಹಂಗಲ್ಲ. ಅಮೇರಿಕಾದ ಔಷಧ ಇಲಾಖೆ ಎಫ್‌ಡಿಎ, ತನ್ನ ಕಡೆ ಬಂದ 2070 ಅಧ್ಯಯನ ಕೂಡಿಸಿ ನೋಡಿ 2009ರಾಗ ಹೇಳಿದ ಪ್ರಕಾರ, ರಕ್ತಕ್ಕ ಸೇರೂ ಔಷಧದಾಗ ಸರಾಸರಿ ಫರಕು ಸುಮಾರು 3.5 ಪರ್ಸೆಂಟ್. ನಮ್ಮಲ್ಲೂ 2017ರಿಂದ, ನೀರಿನಾಗ ಸರಳ ಕರಗದ ಔಷಧಗಳ ಜನೆರಿಕ್ ಮಾಡಲಿಕ್ಕೆ ಲೈಸೆನ್ಸ್ ಬೇಕಂದ್ರ ಇಂಥ ತಪಾಸಣಿ ಕಡ್ಡಾಯ ಆಗೇದ.

ಆದ್ರೂ ಒಮ್ಮೊಮ್ಮೆ ತಪ್ಪತದ. ಅಮೇರಿಕಾದಾಗ ಖಿನ್ನತೆಗೆ ಬ್ಯುಪ್ರೊಪಿಯಾನ್ ಅನ್ನೂ ಔಷಧ ಕೊಡ್ತಾರ. ದಿನಕ್ಕೊಮ್ಮೆ ನುಂಗಿದ್ರ ಇಡೀ ದಿನ ನಿಧಾನ ಕರಗೂ ಗುಳಿಗಿ, ವೆಲ್‌ಬ್ಯೂಟ್ರಿನ್ ಎಕ್ಸ್ಎಲ್ ಅಂತ ಮೂಲ ಬ್ರಾಂಡ್. 2006ರ ಡಿಸೆಂಬರಿನಾಗ ಅದರ ಜನೆರಿಕ್ ಬಂತು, ಬ್ಯುಡೆಪ್ರಿಯಾನ್ ಎಕ್ಸ್ಎಲ್ 300 ಅಂತ. ಅದಕ್ಕ ಬದಲಾದ ಮಂದಿ ಭಾಳ ಜನ ಹೇಳಲಿಕತ್ರು, ತಲಿನೋವು, ನಿದ್ದಿಲ್ಲ, ಮತ್ತ ಆ ಕತ್ತಲಿ ಮನಸ್ಸು ತಿರುಗಿ ಬಂತು ಅಂತ. ಜೋ ಮತ್ತ ಟೆರಿ ಗ್ರೇಡನ್ ಅಂತ ಗಂಡ ಹೆಂಡ್ತಿ ಪತ್ರಿಕ್ಯಾಗ ಔಷಧದ ಅಂಕಣ ಬರೀತಿದ್ರು. ಅವರಿಗೆ ರಾಶಿ ಪತ್ರ ಬಂದ್ವು. ಇಲಾಖೆ ಮೊದಲ, ಎಲ್ಲಾ ಸರಿ ಅದ, ರೋಗದ ಏರಿಳಿತನ ಇದಕ್ಕ ಕಾರಣ ಇರಬೇಕು ಅಂತು. ಆದ್ರ ಪತ್ರ ನಿಲ್ಲಲಿಲ್ಲ.

ಕಡಿಗೆ ಇಲಾಖೆ ತಾನ ತಪಾಸಣಿ ಮಾಡಿತು. ಆಗ ಗೊತ್ತಾತು, ಆ ಗುಳಿಗಿ ಮೂಲದ್ದಕ್ಕ ಸರಿಸಮ ಇಲ್ಲ ಅಂತ. ಕಾರಣ ಕೇಳಿದ್ರ ನಮ್ಮಂಥ ಅಡಗಿ ಮಾಡೋರಿಗೆ ಕೂಡ್ಲೇ ತಿಳೀತದ. ತಪಾಸಣಿ ಮಾಡಿದ್ದು 150 ಮಿಲಿಗ್ರಾಮಿಂದು. ಅದು ಸರಿ ಅದ ಅಂತ 300ರದ್ದೂ ಸರಿ ಇರ್ತದ ಅಂತ ಹಿಡದುಬಿಟ್ಟಿದ್ರು. ಅರ್ಧ ಸೇರು ಪಾಕದ ಹದ ನೋಡಿ, ಎರಡು ಸೇರಿಗೂ ಹದಾ ಅಷ್ಟ ಅಂದ್ರ ನಡೀತದೇನ್ರಿ? 2012ರ ಅಕ್ಟೋಬರಿನಾಗ ಆ ಗುಳಿಗಿ ಬಜಾರದಿಂದ ಹೋತು. ಆರು ವರ್ಷ ಆ ಮಂದಿ ಹೇಳಿದ್ದು ಖರೆ ಇತ್ತು.

ಈ ಎರಡೂ ಕತಿ ಜೋಡಿ ಇಟಗೊಂಡೇ ನಾ ವಿಚಾರ ಮಾಡ್ತೇನಿ. ಅಮೇರಿಕಾದವರ ಕತಿಯೊಳಗ ತಪ್ಪು ಗುಳಿಗಿದು. ನಮ್ಮ ಕತಿಯೊಳಗ ಗುಳಿಗಿ ನಿರಪರಾಧಿ. ಮನ್ಯಾಗ ಕೂತು ನಮಗ ಯಾವುದು ಅಂತ ತಿಳೀಲಿಕ್ಕೆ ಸಾಧ್ಯ ಇಲ್ಲ. ಅದಕ್ಕ ಗುಳಿಗಿ ಬಿಟ್ಟು ಕೂಡೂದು ಉತ್ತರ ಅಲ್ಲ, ಬಾಯಿ ಬಿಟ್ಟು ಹೇಳೂದು ಉತ್ತರ. ಅಮೇರಿಕಾದವರು ಪತ್ರ ಬರದ್ರು, ಅದಕ್ಕ ಸತ್ಯ ಹೊರಗ ಬಂತು. ಅಕ್ಕ ಹೇಳಲಾರದ ಗಂಟು ಕಟ್ಟಿಟ್ಲು, ಯಾಕಂದ್ರ ನಮ್ಮ ಮನ್ಯಾಗ ಆ ವಿಷಯ ಮಾತಾಡೂ ರೂಢಿನೇ ಇರಲಿಲ್ಲ. ಆ ರೂಢಿ ಕೆಡಿಸಿದಾಕಿ ನಾನು, ಹೆಸರಿನ ಕಾಗದ ಹರದಾಕಿ.

ಈಗ ನಮ್ಮ ಮನ್ಯಾಗ ಹೆಂಗ ಮಾಡ್ತೇವಿ ಅಂತ ಹೇಳ್ತೇನಿ. ನಾ ಡಾಕ್ಟರಲ್ಲ, ನಿಮ್ಮ ಡಾಕ್ಟರ ಮಾತು ಎಲ್ಲಾಕ್ಕಿಂತ ಮೊದಲು.

ಸ್ಟ್ರಿಪ್ಪಿನಿಂದ ಗುಳಿಗಿ ಬಿಡಿಸಿ ಇಡೂದಿಲ್ಲ. 2018ರಿಂದ ಹೆಚ್ಚಿನ ಔಷಧದ ಮ್ಯಾಲೆ ಹುಟ್ಟಿದ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಾಗ ಇರಬೇಕು ಅಂತ ನಿಯಮ ಆಗೇದ. ಆ ಹೆಸರು ಮತ್ತ ಮಿಲಿಗ್ರಾಮ್ ಒಂದು ವಹಿಯೊಳಗ ಬರದು ಇಡ್ತೇವಿ. ಹೆಸರಿನ ಹಿಂದ ಎಸ್ಆರ್, ಇಆರ್, ಎಕ್ಸ್ಎಲ್ ಅಂತ ಅಕ್ಷರ ಇದ್ರ ಅದನ್ನೂ ಬರೀತೇವಿ. ಅದು ನಿಧಾನ ಕರಗೂ ಗುಳಿಗಿ ಅನ್ನೂ ಗುರ್ತು. ಸಾದಾದರ ಬದ್ಲಿ ಅದು, ಅದರ ಬದ್ಲಿ ಸಾದಾದು ಹಾಕಿದ್ರ ಲೆಕ್ಕ ತಪ್ಪತದ, ಹೆಸರು ಒಂದೇ ಇದ್ರೂ.

ಅಂಗಡಿಯಂವ ತಾನ ಬದಲಿಸಿ ಕೊಟ್ರ ಸುಮ್ಮ ತಗೊಂಡು ಬರೂದಿಲ್ಲ. ಮನಸ್ಸಿನ ಕಾಯಿಲೆಯ ಹೆಚ್ಚಿನ ಔಷಧ ಶೆಡ್ಯೂಲ್ ಎಚ್ ಅನ್ನೂ ಯಾದ್ಯಾಗ ಬರ್ತಾವ. ಚೀಟಿಯೊಳಗ ಬರದದ್ದರ ಬದ್ಲಿ, ಅದೇ ಔಷಧದ್ದೇ ಆಗಿದ್ರೂ, ಇನ್ನೊಂದನ್ನ ಅಂಗಡಿಯಂವ ತನ್ನ ಮನಸ್ಸಿಗೆ ಬಂದಂಗ ಕೊಡೂ ಹಂಗಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳ್ತೇವಿ. ಅಗ್ಗದ್ದು ಬೇಕಂದ್ರ ಡಾಕ್ಟರಿಗೆ ಅಂಜದ ಹೇಳ್ತೇವಿ. ರೊಕ್ಕದ ಅಡಚಣಿ ಹೇಳೂದರಾಗ ಏನು ನಾಚಿಗಿ? 2008ರಿಂದ ಜನೌಷಧಿ ಅಂಗಡಿ ಅವ, ಈಗ ಹತ್ತು ಸಾವಿರಕ್ಕಿಂತ ಜಾಸ್ತಿ ಆಗ್ಯಾವ. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ, ಅಗತ್ಯ ಔಷಧದ ಯಾದ್ಯಾಗಿನ ಮನೋರೋಗದ ಗುಳಿಗಿ ಸರ್ಕಾರಿ ಆಸ್ಪತ್ರಿಯೊಳಗ ಪುಕ್ಕಟ ಸಿಗಬೇಕು. ಕೇಳೂದು ನಮ್ಮ ಹಕ್ಕು. ಒಂದು ಸಲ ಒಂದು ಕಂಪನಿದು ಹೊಂದಿತು ಅಂದ್ರ ಆದಷ್ಟು ಅದನ್ನ ಮುಂದುವರಿಸೂದು, ತಿಂಗಳಿಗೊಂದು ಬದಲಿಸೂದು ಬ್ಯಾಡ.

ಬದಲಿಸಲೇ ಬೇಕಾದ್ರ, ತಗೊಳ್ಳೂ ಮನಷ್ಯಾಗ ಮೊದಲ ತೋರಿಸೂದು. ಹಳೇ ಸ್ಟ್ರಿಪ್ಪು ಹೊಸ ಸ್ಟ್ರಿಪ್ಪು ಬಾಜೂಕ ಇಟ್ಟು, "ನೋಡು, ಹೆಸರು ಅದ, ಮಿಲಿಗ್ರಾಮ್ ಅದ, ಬಣ್ಣ ಮಾತ್ರ ಬ್ಯಾರೆ" ಅಂತ ಹೇಳೂದು. ಆಮ್ಯಾಲೆ ಕೆಲವು ವಾರ ನಿದ್ದಿ ಹೆಂಗದ, ಊಟ ಹೆಂಗದ ಅಂತ ವಹಿಯೊಳಗ ಬರೀತೇವಿ. ಫರಕು ಕಂಡ್ರ ಗುಳಿಗಿ ಬಿಡೂದಿಲ್ಲ, ವಹಿ ತಗೊಂಡು ಡಾಕ್ಟರ ಕಡೆ ಹೋಗ್ತೇವಿ. ಲಿಥಿಯಂ ತಗೊಳ್ಳೋರಿಗೆ ರಕ್ತ ತಪಾಸಣಿ ತಪ್ಪಿಸಬ್ಯಾಡ್ರಿ, ಗುಳಿಗಿ ಬದಲಾದಾಗಂತೂ ತಪ್ಪಿಸಲೇಬ್ಯಾಡ್ರಿ. ಕೈ ಭಾಳ ನಡುಗಿದ್ರ, ವಾಂತಿ ಭೇದಿ ಆದ್ರ ಅವತ್ತ ಡಾಕ್ಟರಿಗೆ ಹೇಳ್ರಿ. ಬ್ಯಾಸಗಿಯೊಳಗ ನೀರು ಸರಿಯಾಗಿ ಕುಡೀರಿ. ನೋವಿನ ಗುಳಿಗಿ ಕೇಳದ ತಗೋಬ್ಯಾಡ್ರಿ, ಕೆಲವು ಲಿಥಿಯಮ್ಮನ್ನ ರಕ್ತದಾಗ ಏರಸ್ತಾವ.

ಭಾವ ಆ ದಿವಸದ ಮಾತಿಗೆ ಏನೂ ಹೇಳಲಿಲ್ಲ, ಆದ್ರ ಗಂಟು ಸಿಕ್ಕ ಮರುತಿಂಗಳ ತಮ್ಮ ಊರಿನ ಅಂಗಡಿಗೇ ಹೋಗಿ ಗುಳಿಗಿ ತಂದ್ರು. ನನಗ ಅಷ್ಟು ಸಾಕಾತು.

ಹೋದ ತಿಂಗಳ ಅಕ್ಕ ನಮ್ಮ ಮನಿಗೆ ಬಂದಿದ್ಲು. ಆಕಿ ಗುಳಿಗಿ ಮತ್ತ ಬದಲಾಗೇದ, ಡಾಕ್ಟರೇ ಬರದಾರ, ಈ ಸಲದ್ದು ಗುಲಾಬಿ ಬಣ್ಣ. ರಾತ್ರಿ ಊಟ ಆದ ಮ್ಯಾಲೆ ಕನ್ನಡಕ ಹಾಕ್ಕೊಂಡು ಸ್ಟ್ರಿಪ್ ತಿರುಗಿಸಿ ದೊಡ್ಡ ಅಕ್ಷರ ಓದಿದ್ಲು. "ಲಿಥಿಯಂ ಕಾರ್ಬೋನೇಟ್. ಮುನ್ನೂರು." ನಮ್ಮ ಸೊಸಿ ಅಲ್ಲೇ ಇದ್ಲು, ಬಾಜೂಮನಿ ಕಾಕುನೂ ಇದ್ರು. ಅಕ್ಕ ಯಾರಿಗೂ ಮರಿ ಮಾಡಲಿಲ್ಲ. ಎರಡು ಗುಳಿಗಿ ನುಂಗಿ ನೀರು ಕುಡದು, "ಸ್ಟ್ರಿಪ್ ಮಾಡದಾಗ ಬ್ಯಾಡ, ಟೇಬಲ್ ಮ್ಯಾಲೇ ಇರ್ಲಿ" ಅಂದ್ಲು.

ನಿಮ್ಮ ಮನ್ಯಾಗೂ ಅಂಥ ಡಬ್ಬಿ ಇದ್ರ ಇವತ್ತ ಸಂಜಿ ತಗದು ನೋಡ್ರಿ. ಹೆಸರು ಓದಲಿಕ್ಕೆ ಬರದಿದ್ರ ನನ್ನ ಕಡೆ ತಗೊಂಡು ಬರ್ರಿ, ಇಬ್ಬರೂ ಕೂಡಿ ಓದೂಣು. ಚಹಾ ಹೆಂಗೂ ಇರ್ತದ.